ಬೆಂಗಳೂರು ನೋಡಲು ಯಾವ ಬಸ್ಸು? ಟಿಕೆಟ್ ದರವಲ್ಲ, ಇಡೀ ದಿನದ ಲೆಕ್ಕ ಹಾಕಿ

ಕಲ್ಯಾಣದುರ್ಗ: ಕಡಲೆಕಾಯಿ ಕಿತ್ತು, ಬಿಡಿಸಿ, ಮಾರಿ, ಸಾಲ ತೀರಿಸಿದ ಮೇಲೂ ಕೈಯಲ್ಲಿ ನಾಲ್ಕು ಕಾಸು ಉಳಿಯಿತೆಂದರೆ ಗಡಿ ಊರುಗಳ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಸಂಕ್ರಾಂತಿ ರಜೆಗೆ ಮಕ್ಕಳಿಗೆ ಒಂದು ಸಲ ಬೆಂಗಳೂರು ತೋರಿಸಿಕೊಂಡು ಬರೋಣ ಎಂಬುದೇ ಆ ಮಾತು. ಮಗಳು ವಿಧಾನಸೌಧ ನೋಡಬೇಕು ಎನ್ನುತ್ತಾಳೆ, ಮಗನಿಗೆ ಮೆಟ್ರೋ ಹತ್ತುವಾಸೆ, ಅಜ್ಜಿಗೆ ದೊಡ್ಡ ಬಸವಣ್ಣನ ದರ್ಶನವಾದರೆ ಸಾಕು. ಯಜಮಾನನಿಗೆ ಮಾತ್ರ ಒಂದೇ ಚಿಂತೆ: ಒಟ್ಟು ಎಷ್ಟಾಗುತ್ತದೆ?

ಈ ಪ್ರಶ್ನೆಗೆ ಹೆಚ್ಚಿನವರು ಉತ್ತರ ಹುಡುಕುವುದು ಟೂರ್ ಬಸ್ಸಿನ ಟಿಕೆಟ್ ದರದಲ್ಲಿ. ತಲೆಗೆ ಇಷ್ಟು, ಐದು ಜನಕ್ಕೆ ಇಷ್ಟು ಎಂದು ಗುಣಿಸಿ ಹೊರಟುಬಿಡುತ್ತಾರೆ. ಆದರೆ ಕುಂದುರ್ಪಿಯಿಂದಲೋ ಸೆಟ್ಟೂರಿನಿಂದಲೋ ಮಡಕಶಿರಾ ಕಡೆಯಿಂದಲೋ ಹೋಗುವ ಕುಟುಂಬಕ್ಕೆ ಟೂರ್ ಟಿಕೆಟ್ ಎಂಬುದು ಖರ್ಚಿನ ಒಂದು ಪಾಲು ಅಷ್ಟೆ. ಮನೆ ಬಾಗಿಲಿಗೆ ಬೀಗ ಹಾಕಿದ ಹೊತ್ತಿನಿಂದ ಮತ್ತೆ ಬೀಗ ತೆಗೆಯುವವರೆಗಿನ ಲೆಕ್ಕವೇ ನಿಜವಾದ ಲೆಕ್ಕ. ಹಾಗೆ ಲೆಕ್ಕ ಹಾಕಿದಾಗ ಅಗ್ಗವೆಂದುಕೊಂಡದ್ದು ತುಟ್ಟಿಯಾಗುವುದೂ ಉಂಟು, ತುಟ್ಟಿಯೆಂದುಕೊಂಡದ್ದು ಅಗ್ಗವಾಗುವುದೂ ಉಂಟು.

ಮೊದಲ ಪ್ರಶ್ನೆ: ಬಸ್ಸು ಎಷ್ಟು ಗಂಟೆಗೆ, ಎಲ್ಲಿಂದ ಹೊರಡುತ್ತದೆ?

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ (ಬಿಎಂಟಿಸಿ) ನಡೆಸುವ ನಗರ ದರ್ಶನದ ಬಸ್ಸುಗಳು ಬೆಳಗ್ಗೆ ಎಂಟೂವರೆ, ಎಂಟೂ ಮುಕ್ಕಾಲರ ಸುಮಾರಿಗೆ ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣದಿಂದ ಹೊರಟು ಸಂಜೆ ಆರರ ಹೊತ್ತಿಗೆ ಅಲ್ಲಿಗೇ ಮರಳುತ್ತವೆ. ಬೆಂಗಳೂರಿನಲ್ಲೇ ಇರುವವರಿಗೆ ಇದು ಒಳ್ಳೆಯ ಸಮಯ. ಕಲ್ಯಾಣದುರ್ಗದಿಂದ ಬರುವವರಿಗೆ ಹಾಗಲ್ಲ. ಎಂಟೂವರೆಗೆ ಮೆಜೆಸ್ಟಿಕ್‌ನಲ್ಲಿ ನಿಂತಿರಬೇಕಾದರೆ ಒಂದೋ ರಾತ್ರಿಯೆಲ್ಲ ಪ್ರಯಾಣ ಮಾಡಬೇಕು, ಇಲ್ಲವೇ ಹಿಂದಿನ ದಿನವೇ ಹೋಗಿ ಲಾಡ್ಜಿನಲ್ಲಿ ತಂಗಬೇಕು. ರಾತ್ರಿ ನಿದ್ದೆಗೆಟ್ಟು ಬಂದ ಎಂಟು ವರ್ಷದ ಹುಡುಗ ಹತ್ತು ಗಂಟೆಗೆಲ್ಲ ಎಸಿ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಾನೆ. ಅವನಿಗೆ ಕೊಂಡ ಟಿಕೆಟ್ ದಂಡ.

ಹಿಂದೂಪುರದವರಿಗೆ ಈ ತೊಂದರೆ ಕಡಿಮೆ. ಅಲ್ಲಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು ನೂರು ಕಿಲೋಮೀಟರ್, ದಾರಿ ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕದ ಮೇಲೆ. ಎಕ್ಸ್‌ಪ್ರೆಸ್ ರೈಲುಗಳಲ್ಲದೆ ಮೆಮು ರೈಲುಗಳೂ ಇವೆ. ಆದರೆ ಒಂದು ಎಚ್ಚರಿಕೆ: ಬೆಂಗಳೂರಿಗೆ ಹೋಗುವ ರೈಲುಗಳೆಲ್ಲ ಮೆಜೆಸ್ಟಿಕ್ ಎದುರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಹೋಗುವುದಿಲ್ಲ. ಕೆಲವು ದಂಡು ನಿಲ್ದಾಣದಲ್ಲೇ ಮುಗಿಯುತ್ತವೆ. ಕೆಲವು 2022ರಲ್ಲಿ ಆರಂಭವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಹೋಗುತ್ತವೆ. ಅಲ್ಲಿಳಿದು ಐದು ಜನ ಆಟೋ ಹಿಡಿದರೆ ರೈಲಿನಲ್ಲಿ ಉಳಿಸಿದ ದುಡ್ಡು ಆಟೋಗೆ ಹೋಗುತ್ತದೆ. ಟಿಕೆಟ್ ಕೊಳ್ಳುವಾಗಲೇ ರೈಲು ಯಾವ ನಿಲ್ದಾಣದವರೆಗೆ ಎಂದು ಕೇಳಿಕೊಳ್ಳಿ.

ಗಡಿಯಲ್ಲಿ ನಿಲ್ಲುವ ಉಚಿತ ಪ್ರಯಾಣ

ಈ ಭಾಗದ ಹೆಣ್ಣುಮಕ್ಕಳಲ್ಲಿ ಹೆಚ್ಚು ಗೊಂದಲವಿರುವುದು ಇಲ್ಲೇ. ಎರಡೂ ರಾಜ್ಯಗಳಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣವಿದೆ. ಕರ್ನಾಟಕದ 'ಶಕ್ತಿ' ಯೋಜನೆ 2023ರ ಜೂನ್ 11ರಂದು, ಆಂಧ್ರದ 'ಸ್ತ್ರೀ ಶಕ್ತಿ' ಯೋಜನೆ 2025ರ ಆಗಸ್ಟ್ 15ರಂದು ಆರಂಭವಾದವು. ಹೆಸರು ಹತ್ತಿರ ಹತ್ತಿರ ಇರುವುದರಿಂದ ಒಂದರ ಸೌಲಭ್ಯ ಇನ್ನೊಂದರಲ್ಲೂ ಸಿಗುತ್ತದೆ ಎಂದುಕೊಂಡು ಬಸ್ ಹತ್ತಿದವರು ಕಂಡಕ್ಟರ್ ಮುಂದೆ ಪರ್ಸ್ ತೆಗೆಯಬೇಕಾಗುತ್ತದೆ.

ಶಕ್ತಿ ಯೋಜನೆ ಇರುವುದು ಕರ್ನಾಟಕದ ನಿವಾಸಿಗಳಿಗೆ. ಆಂಧ್ರ ವಿಳಾಸದ ಆಧಾರ್ ತೋರಿಸಿದರೆ ಬಿಎಂಟಿಸಿ ಬಸ್ಸಿನಲ್ಲಿ ಟಿಕೆಟ್ ಕೊಳ್ಳಲೇಬೇಕು. ಸ್ತ್ರೀ ಶಕ್ತಿಯಲ್ಲಿ ಆಂಧ್ರದ ನಿವಾಸಿಗಳಿಗೆ ಪಲ್ಲೆವೆಲುಗು, ಅಲ್ಟ್ರಾ ಪಲ್ಲೆವೆಲುಗು, ಎಕ್ಸ್‌ಪ್ರೆಸ್, ಸಿಟಿ ಆರ್ಡಿನರಿ ಮತ್ತು ಮೆಟ್ರೋ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್ ಸಿಗುತ್ತದೆ. ಅದೂ ರಾಜ್ಯದೊಳಗೆ ಮಾತ್ರ. ಅಂತರರಾಜ್ಯ ಬಸ್ಸಿಗೆ ಅನ್ವಯಿಸದು. ಅಂದರೆ ಬೆಂಗಳೂರಿಗೆ ನೇರ ಬಸ್ ಹತ್ತಿದರೆ ಅಜ್ಜಿ, ಅಮ್ಮ, ಮಗಳು ಮೂವರಿಗೂ ದುಡ್ಡು ಕೊಡಬೇಕು.

ಹಾಗಾದರೆ ದಾರಿ ಯಾವುದು? ಪ್ರಯಾಣವನ್ನು ಎರಡು ತುಂಡು ಮಾಡಿಕೊಳ್ಳುವುದು. ಕಲ್ಯಾಣದುರ್ಗದಿಂದ ಅನಂತಪುರ ಸುಮಾರು 60 ಕಿಲೋಮೀಟರ್. ಅಲ್ಲಿಯವರೆಗೆ ಎಕ್ಸ್‌ಪ್ರೆಸ್ ಅಥವಾ ಪಲ್ಲೆವೆಲುಗು ಬಸ್ಸಿನಲ್ಲಿ ಹೆಂಗಸರಿಗೆ ಖರ್ಚಿಲ್ಲ. ಅನಂತಪುರದಿಂದ ಬೆಂಗಳೂರಿಗೆ ರೈಲು ಹತ್ತಿದರೆ ಸಾಮಾನ್ಯ ದರ್ಜೆಯ ಟಿಕೆಟ್ ಬಸ್ ದರಕ್ಕಿಂತ ಬಹಳ ಕಡಿಮೆ. ರೈಲಿನಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. 5ರಿಂದ 12 ವರ್ಷದವರೆಗೆ ಸಾಮಾನ್ಯ ದರ್ಜೆಯಲ್ಲಿ ಅರ್ಧ. ರಿಸರ್ವೇಶನ್‌ನಲ್ಲಿ ಮಗುವಿಗೆ ಪ್ರತ್ಯೇಕ ಬರ್ತ್ ಕೇಳಿದರೆ ಮಾತ್ರ 2016ರಿಂದ ಪೂರ್ತಿ ದರ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿರುವುದರಿಂದ ಅಜ್ಜಿಗೂ ಪೂರ್ತಿ ಟಿಕೆಟ್ ಲೆಕ್ಕ ಹಾಕಿಕೊಳ್ಳಿ.

ಅಂದಹಾಗೆ, ಮನೆಮಗಳನ್ನು ಪಾವಗಡಕ್ಕೋ ಚಳ್ಳಕೆರೆಗೋ ಕೊಟ್ಟಿದ್ದು, ಆಕೆಯ ಆಧಾರ್ ವಿಳಾಸ ಈಗ ಕರ್ನಾಟಕದ್ದಾಗಿದ್ದರೆ ಆಕೆಗೆ ಬೆಂಗಳೂರಿನ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಜೊತೆಗೆ ಬರುವ ತಾಯಿಗೆ ಇಲ್ಲ. ಒಂದೇ ಸೀಟಿನಲ್ಲಿ ಕುಳಿತ ತಾಯಿ ಮಗಳಿಗೆ ಎರಡು ಬಗೆಯ ಟಿಕೆಟ್ ಬರುವುದು ಗಡಿನಾಡಿನವರಿಗೆ ಹೊಸದೇನಲ್ಲ.

ಪ್ಯಾಕೇಜ್‌ನಲ್ಲಿ ಏನು ಸಿಗುತ್ತದೆ?

ಬಿಎಂಟಿಸಿಯ 'ಬೆಂಗಳೂರು ದರ್ಶಿನಿ' ಎಸಿ ಬಸ್ಸಿನಲ್ಲಿ ಒಂದು ದಿನದ ನಗರ ದರ್ಶನ. ತಲೆಗೆ ನಾನೂರು ರೂಪಾಯಿಯ ಆಸುಪಾಸು, ಮಕ್ಕಳಿಗೆ ಸ್ವಲ್ಪ ಕಡಿಮೆ. ಇಸ್ಕಾನ್, ವಿಧಾನಸೌಧ, ಟಿಪ್ಪು ಅರಮನೆ, ಗವಿ ಗಂಗಾಧರೇಶ್ವರ, ದೊಡ್ಡ ಗಣಪತಿ, ದೊಡ್ಡ ಬಸವನ ಗುಡಿ, ಬೆಂಗಳೂರು ಅರಮನೆ, ಹಲಸೂರು ಕೆರೆ, ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಇಂಥ ತಾಣಗಳು ಇದರ ಪಟ್ಟಿಯಲ್ಲಿವೆ. ರೇಷ್ಮೆ ಮತ್ತು ಕರಕುಶಲ ವಸ್ತುಗಳ ಮಳಿಗೆಗಳೂ ಇವೆ.

ದೇವಸ್ಥಾನ ನೋಡುವುದೇ ಮುಖ್ಯ ಎನ್ನುವವರಿಗೆ 'ದಿವ್ಯ ದರ್ಶನ' ಎಂಬ ಇನ್ನೊಂದು ಪ್ಯಾಕೇಜ್ ಇದೆ. 2025ರ ಮೇ 31ರಂದು ಇದು ಆರಂಭವಾದಾಗ ದೊಡ್ಡವರಿಗೆ 450, ಮಕ್ಕಳಿಗೆ 350 ರೂಪಾಯಿ ಇತ್ತು. ಶನಿವಾರ, ಭಾನುವಾರ ಮತ್ತು ರಜಾದಿನಗಳಿಗೆಂದು ಮಾಡಿದ್ದು. ಗಾಳಿ ಆಂಜನೇಯ, ರಾಜರಾಜೇಶ್ವರಿ, ಶೃಂಗಗಿರಿ ಷಣ್ಮುಖ, ಬನಶಂಕರಿ ಮುಂತಾದ ದೇಗುಲಗಳಿಗೆ ಕರೆದೊಯ್ಯುತ್ತದೆ. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವೂ (ಕೆಎಸ್‌ಟಿಡಿಸಿ) ನಗರ ದರ್ಶನ ನಡೆಸುತ್ತದೆ.

ಪಟ್ಟಿ ಉದ್ದವಿದ್ದಷ್ಟೂ ಪ್ಯಾಕೇಜ್ ಲಾಭ ಎಂದು ಅನ್ನಿಸುವುದು ಸಹಜ. ಆದರೆ ಪಟ್ಟಿಯನ್ನು ಗಡಿಯಾರದ ಪಕ್ಕದಲ್ಲಿಟ್ಟು ನೋಡಬೇಕು. ಒಂಬತ್ತು ಗಂಟೆಯಲ್ಲಿ ಹನ್ನೆರಡು ತಾಣ ಎಂದರೆ ತಾಣವೊಂದಕ್ಕೆ ಮುಕ್ಕಾಲು ಗಂಟೆ. ಅದರಲ್ಲೇ ಊಟ, ಟ್ರಾಫಿಕ್, ಬಸ್ ಹತ್ತಿ ಇಳಿಯುವುದು ಎಲ್ಲ ಆಗಬೇಕು. ಉಳಿಯುವುದು ಅರ್ಧ ಗಂಟೆಗೂ ಕಡಿಮೆ. ಮಂಡಿನೋವಿನ ಅಜ್ಜಿ ಬಸ್ಸಿನಿಂದ ಇಳಿದು ಗುಡಿಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಹಾರ್ನ್ ಕೇಳಿಸುತ್ತದೆ. ಮಳಿಗೆಗಳಲ್ಲಿ ಕಳೆಯುವ ಸಮಯವೂ ನಿಮ್ಮ ಟಿಕೆಟ್ಟಿನ ಸಮಯವೇ. ಅಲ್ಲಿ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ.

ಪ್ಯಾಕೇಜೋ, ಪಾಸೋ?

ಅಜ್ಜಿ, ಗಂಡ, ಹೆಂಡತಿ, 13ರ ಮಗಳು, 8ರ ಮಗ, ಹೀಗೆ ಐದು ಜನರ ಕುಟುಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ದಿವ್ಯ ದರ್ಶನದ ಆರಂಭದ ದರದಂತೆ, ಮಗಳಿಗೂ ದೊಡ್ಡವರ ಟಿಕೆಟ್ ಎಂದುಕೊಂಡರೆ, ನಾಲ್ವರಿಗೆ 1,800, ಮಗನಿಗೆ 350, ಒಟ್ಟು 2,150 ರೂಪಾಯಿ. ಬಿಎಂಟಿಸಿ ಸಾಮಾನ್ಯ ಬಸ್ಸಿನ ದಿನದ ಪಾಸು 2025ರ ಜನವರಿಯ ದರ ಏರಿಕೆಯ ನಂತರ 80 ರೂಪಾಯಿ. ಐದೂ ಜನಕ್ಕೆ ಪಾಸು ಕೊಂಡರೂ 400. ವ್ಯತ್ಯಾಸ 1,750 ರೂಪಾಯಿ. ಇಷ್ಟು ದುಡ್ಡಿನಲ್ಲಿ ಊಟ ತಿಂಡಿ ಮುಗಿಸಿ ಮಕ್ಕಳಿಗೆ ಏನಾದರೂ ಕೊಡಿಸಬಹುದು.

ಪಾಸಿನಲ್ಲಿ ಹನ್ನೆರಡು ತಾಣ ನೋಡಲಾಗದು ಎಂಬುದೂ ನಿಜ. ಮೂರು ಕಡೆಗೆ ಹೋದರೆ ಹೆಚ್ಚು. ಆದರೆ ಆ ಮೂರು ಸರಿಯಾಗಿ ಆರಿಸಿಕೊಂಡರೆ ಸಾಕು. ಉದಾಹರಣೆಗೆ ಹೀಗೊಂದು ದಿನ:

ಬೆಳಗ್ಗೆ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟವಿದು. ಗಾಜಿನ ಮನೆ 1889ರದ್ದು. ಕೆಂಪೇಗೌಡ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮಗನ ಮೆಟ್ರೋ ಆಸೆ ಇಲ್ಲೇ ತೀರುತ್ತದೆ: ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣಕ್ಕೆ ಹೋಗಬಹುದು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದ್ದರೂ ಇಷ್ಟು ಸಣ್ಣ ಪ್ರಯಾಣ ಕೈಗೆಟುಕುತ್ತದೆ. ಒಂದು ಕಡೆಗೆ ಮೆಟ್ರೋ ಸಾಕು, ಉಳಿದದ್ದಕ್ಕೆ ಪಾಸು ಇದೆ.

ಅಲ್ಲಿಂದ ಬಸವನಗುಡಿ. ದೊಡ್ಡ ಗಣಪತಿ, ದೊಡ್ಡ ಬಸವಣ್ಣ ಎರಡೂ ಒಂದೇ ಕಡೆ ಇವೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ನಡೆಯುವ ಕಡಲೆಕಾಯಿ ಪರಿಷೆ ಈ ಜಿಲ್ಲೆಯ ರೈತರಿಗೆ ನೋಡಲೇಬೇಕಾದ ಜಾತ್ರೆ. ಹೊಲದಲ್ಲಿ ಮೂಟೆ ಲೆಕ್ಕದಲ್ಲಿ ಹೋಗುವ ಕಾಯಿ ನಗರದ ರಸ್ತೆಯಲ್ಲಿ ಸೇರಿನ ಲೆಕ್ಕದಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಾಣಬಹುದು. ಆದರೆ ಆ ದಿನಗಳಲ್ಲಿ ಜನಜಂಗುಳಿ ವಿಪರೀತ. ಅಜ್ಜಿಯ ಜೊತೆ ಹೋಗುವವರು ಬೇರೆ ದಿನ ನೋಡಿಕೊಳ್ಳುವುದು ಮೇಲು.

ಮಧ್ಯಾಹ್ನದ ಮೇಲೆ ಕಸ್ತೂರ ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ, ಡೈನೋಸಾರ್ ಮಾದರಿ, ಗುಂಡಿ ಒತ್ತಿದರೆ ಓಡುವ ಯಂತ್ರಗಳು ಇಲ್ಲಿವೆ. ಮಕ್ಕಳು ಇಲ್ಲಿಂದ ಬೇಗ ಕದಲುವುದಿಲ್ಲ. ಪಕ್ಕದಲ್ಲೇ ಕಬ್ಬನ್ ಪಾರ್ಕ್, ಅಲ್ಲಿ ಕೂತು ದಣಿವಾರಿಸಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ಅದರ ಆಚೆ ವಿಧಾನಸೌಧ. ಹೊರಗಿನಿಂದ ನೋಡಿ ಫೋಟೋ ತೆಗೆದುಕೊಂಡು ಬರಬಹುದು. ಒಳಗೂ ನೋಡಬೇಕೆಂದರೆ 2025ರ ಜೂನ್‌ನಿಂದ ಭಾನುವಾರಗಳಂದು ಹಾಗೂ ಎರಡನೇ, ನಾಲ್ಕನೇ ಶನಿವಾರಗಳಂದು 50 ರೂಪಾಯಿ ಶುಲ್ಕದ ಮಾರ್ಗದರ್ಶಿ ಪ್ರವಾಸ ಶುರುವಾಗಿದೆ. ಕೆಎಸ್‌ಟಿಡಿಸಿ ವೆಬ್‌ಸೈಟಿನಲ್ಲಿ ಮುಂಚೆಯೇ ಬುಕ್ ಮಾಡಿ, ಗುರುತಿನ ಚೀಟಿ ಒಯ್ಯಬೇಕು. ಗೈಡ್ ಕನ್ನಡದಲ್ಲಿ ವಿವರಿಸುತ್ತಾರೆ.

ಹಾಗಾದರೆ ಪ್ಯಾಕೇಜ್ ಯಾರಿಗೆ ಒಳ್ಳೆಯದು? ಬೆಂಗಳೂರಿನ ಬಸ್ ನಂಬರುಗಳು ತಲೆಗೆ ಹತ್ತದವರಿಗೆ, ನಗರದಲ್ಲಿ ಪರಿಚಯದವರು ಯಾರೂ ಇಲ್ಲದವರಿಗೆ, ಬಸ್ಸಿನಲ್ಲಿ ನಿಂತು ಹೋಗಲಾಗದ ಹಿರಿಯರಿರುವ ಕುಟುಂಬಕ್ಕೆ. ಸೀಟು ಖಾತ್ರಿ, ಸಾಮಾನು ಬಸ್ಸಿನಲ್ಲೇ ಇರುತ್ತದೆ, ದಾರಿ ತಪ್ಪುವ ಭಯವಿಲ್ಲ. ಹೆಚ್ಚುವರಿ 1,750 ರೂಪಾಯಿ ಕೊಡುವುದು ಇದಕ್ಕೆ. ನಿಮ್ಮ ಮನೆಗೆ ಇದು ಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವರು ನೀವೇ.

ವಾರ ನೋಡಿ ಹೊರಡಿ

ದೂರದಿಂದ ಬಂದವರಿಗೆ ಮುಚ್ಚಿದ ಗೇಟಿನಷ್ಟು ಬೇಸರ ತರುವುದು ಬೇರೊಂದಿಲ್ಲ. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೂ ಮೈಸೂರು ಮೃಗಾಲಯಕ್ಕೂ ಮಂಗಳವಾರ ರಜೆ. ನೆಹರೂ ತಾರಾಲಯಕ್ಕೆ ಸೋಮವಾರ ಹಾಗೂ ಎರಡನೇ ಮಂಗಳವಾರ ರಜೆ. ಇಸ್ಕಾನ್ ದೇವಾಲಯ ವಾರದ ದಿನಗಳಲ್ಲಿ ಮಧ್ಯಾಹ್ನ ಬಾಗಿಲು ಹಾಕುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ, ಟಿಪ್ಪು ಬೇಸಿಗೆ ಅರಮನೆಯೂ ಈ ಇಲಾಖೆಯದೇ. ಬೆಂಗಳೂರು ಅರಮನೆಯ ಟಿಕೆಟ್ ಮಾತ್ರ ದುಬಾರಿ. ಐದು ಜನ ಒಳಗೆ ಹೋಗುವ ಮುನ್ನ ಬೋರ್ಡ್ ಓದಿಕೊಳ್ಳಿ.

ಊಟದ ವಿಚಾರ. ನಮ್ಮ ಕಡೆಯ ಅನ್ನ ಕ್ಯಾಂಟೀನ್‌ಗಳಂತೆ ಬೆಂಗಳೂರಿನಲ್ಲಿ 2017ರಿಂದ ಇಂದಿರಾ ಕ್ಯಾಂಟೀನ್‌ಗಳಿವೆ. ತಿಂಡಿ 5, ಊಟ 10 ರೂಪಾಯಿ. ಊಟ ಮುಗಿಯುವ ಮುನ್ನ ಹೋಗಬೇಕು, ಅಷ್ಟೆ. ರಾತ್ರಿ ತಂಗಬೇಕಾದರೆ ರೈಲು ನಿಲ್ದಾಣದ ಸಮೀಪದ ಗುಬ್ಬಿ ತೋಟದಪ್ಪ ಧರ್ಮಛತ್ರ ಹಿಂದಿನಿಂದಲೂ ಕಡಿಮೆ ದುಡ್ಡಿನ ಪ್ರಯಾಣಿಕರಿಗೆ ಆಸರೆ. ಲಾಡ್ಜಾದರೆ ಕೋಣೆ ಕಣ್ಣಾರೆ ನೋಡಿ, ಬಾಡಿಗೆ 24 ಗಂಟೆಗೋ ಮಧ್ಯಾಹ್ನ 12ರವರೆಗೋ ಎಂದು ಕೇಳಿದ ಮೇಲೆ ದುಡ್ಡು ಕೊಡಿ.

ಬಾಡಿಗೆ ಗಾಡಿ: ಬೋರ್ಡಿನ ಬಣ್ಣ ನೋಡಿ

ಎರಡು ಮೂರು ಮನೆಯವರು ಸೇರಿ ಹನ್ನೆರಡು ಜನರಾದರೆ ಟೆಂಪೋ ಟ್ರಾವೆಲರ್ ಬಾಡಿಗೆ ಹಂಚಿಕೊಂಡು ಹೋಗುವುದು ಲಾಭವೇ. ಮನೆ ಬಾಗಿಲಲ್ಲಿ ಹತ್ತಿ ಮನೆ ಬಾಗಿಲಲ್ಲಿ ಇಳಿಯಬಹುದು. ಆದರೆ ಆಂಧ್ರದ ಬಾಡಿಗೆ ಗಾಡಿ ಕರ್ನಾಟಕದೊಳಗೆ ಹೋಗಬೇಕಾದರೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಅಥವಾ ತಾತ್ಕಾಲಿಕ ಪರ್ಮಿಟ್ ಇರಬೇಕು. ಇಲ್ಲದಿದ್ದರೆ ತಪಾಸಣೆಯಲ್ಲಿ ಗಾಡಿ ನಿಲ್ಲುತ್ತದೆ, ದಂಡದ ಹೊರೆ ಕೊನೆಗೆ ಬಾಡಿಗೆಯವರ ತಲೆಗೇ ಬರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಊರಿನ ಪರಿಚಯದವರ ಬಿಳಿ ಬೋರ್ಡಿನ ಸ್ವಂತ ಗಾಡಿಯನ್ನು ಬಾಡಿಗೆಗೆ ಒಯ್ಯುವುದು. ಸಾವಿರ ರೂಪಾಯಿ ಉಳಿಯಬಹುದು. ಅಪಘಾತವಾದರೆ, ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸಲಾಗಿತ್ತು ಎಂಬ ಕಾರಣ ಮುಂದಿಟ್ಟು ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯುತ್ತದೆ. ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಕೂತಿರುವಾಗ ಈ ಉಳಿತಾಯ ಬೇಡ. ಡ್ರೈವರ್ ರಾತ್ರಿಯೆಲ್ಲ ಗಾಡಿ ಓಡಿಸಿ, ಹಗಲೆಲ್ಲ ನಗರ ಸುತ್ತಿಸಿ, ಮತ್ತೆ ರಾತ್ರಿಯೇ ಮರಳುವ ಯೋಜನೆಯೂ ಬೇಡ. ಅವನಿಗೂ ನಿದ್ದೆ ಬೇಕು.

ಮೈಸೂರು ಹೇಗೆ?

ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರುವ ಒಂದು ದಿನದ ಪ್ಯಾಕೇಜುಗಳು ಬೆಳಗಿನ ಜಾವ ಹೊರಟು ರಾತ್ರಿ ತಡವಾಗಿ ಮರಳುತ್ತವೆ. ಗಡಿ ಊರಿನವರಿಗೆ ಇದು ಎರಡು ರಾತ್ರಿಯ ಲಾಡ್ಜ್ ಖರ್ಚು ಎಂದೇ ಅರ್ಥ. ಮೈಸೂರು ನೋಡಲೇಬೇಕೆಂದರೆ ನೇರವಾಗಿ ಹೋಗುವುದು ಉತ್ತಮ. ಕಾಚೀಗುಡದಿಂದ ಅನಂತಪುರ, ಧರ್ಮಾವರಂ, ಹಿಂದೂಪುರ, ಬೆಂಗಳೂರು ಮಾರ್ಗವಾಗಿ ಮೈಸೂರಿಗೆ ಎಕ್ಸ್‌ಪ್ರೆಸ್ ರೈಲಿದೆ. ಮೈಸೂರು ಚಿಕ್ಕ ಊರು. ಅರಮನೆ ನಗರ ಬಸ್ ನಿಲ್ದಾಣದ ಹತ್ತಿರವೇ ಇದೆ, ಮೃಗಾಲಯಕ್ಕೂ ಚಾಮುಂಡಿ ಬೆಟ್ಟಕ್ಕೂ ಸಿಟಿ ಬಸ್ಸುಗಳಿವೆ. ಟೂರ್ ಬಸ್ಸಿನ ಅಗತ್ಯವೇ ಬೀಳದು. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಅರಮನೆಗೆ ದೀಪಾಲಂಕಾರ ಇರುತ್ತದೆ, ಹೊಂದಿಸಿಕೊಂಡು ಹೋಗಿ. ದಸರಾ ದಿನಗಳಲ್ಲಿ ಮಾತ್ರ ಕೋಣೆಯ ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ.

ದುಡ್ಡು ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಟಿಕೆಟ್ಟಿನಲ್ಲಿ ಊಟ, ಪ್ರವೇಶ ಶುಲ್ಕ ಸೇರಿದೆಯೇ?
2. ಮಕ್ಕಳ ಟಿಕೆಟ್ ಎಷ್ಟು ವರ್ಷದವರೆಗೆ? ವಯಸ್ಸಿನ ದಾಖಲೆ ಬೇಕೇ?
3. ಪಟ್ಟಿಯಲ್ಲಿರುವ ಯಾವ ತಾಣ ಒಳಗಿನಿಂದ, ಯಾವುದು ಬಸ್ಸಿನಿಂದಲೇ?
4. ಗೈಡ್ ಯಾವ ಭಾಷೆಯಲ್ಲಿ ಹೇಳುತ್ತಾರೆ?
5. ಸಾಕಷ್ಟು ಜನ ಸೇರದೆ ಬಸ್ ರದ್ದಾದರೆ ದುಡ್ಡು ವಾಪಸ್ ಹೇಗೆ?

ಮೆಜೆಸ್ಟಿಕ್ ಸುತ್ತಮುತ್ತ ಕೈ ಹಿಡಿದು ಕರೆಯುವ ಏಜೆಂಟರಿಗೆ ದುಡ್ಡು ಕೊಡುವ ಬದಲು ಕೌಂಟರಿನಲ್ಲೋ ಸಂಸ್ಥೆಯ ವೆಬ್‌ಸೈಟಿನಲ್ಲೋ ಟಿಕೆಟ್ ಕೊಂಡು ರಸೀದಿ ಇಟ್ಟುಕೊಳ್ಳಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಲ್ಯಾಣದುರ್ಗದವರು ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಆದರೆ ರಸೀದಿ ಇಲ್ಲದಿದ್ದರೆ ದೂರು ಸಾಬೀತುಪಡಿಸುವುದು ಕಷ್ಟ.

ನಾಲ್ಕನೇ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಅಥವಾ ಇಂಗ್ಲಿಷ್ ಎಂಬುದು ಈ ಭಾಗದ ಬಹಳ ಮಕ್ಕಳ ಸ್ಥಿತಿ. ಕನ್ನಡ ಮಾತು ಬರುತ್ತದೆ, ಕನ್ನಡದ ಬೋರ್ಡ್ ಓದಲು ತಡವರಿಸುತ್ತಾರೆ. ಗೈಡ್ ಗಡಿಬಿಡಿಯಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದರೆ ಅಜ್ಜಿಗೂ ತಿಳಿಯದು, ಮೊಮ್ಮಗನಿಗೂ ಪೂರ್ತಿ ತಿಳಿಯದು. ಕನ್ನಡದಲ್ಲಿ ವಿವರಿಸುವ ಪ್ರವಾಸವಾದರೆ ಅಜ್ಜಿ ಕೇಳಿ ಮೊಮ್ಮಕ್ಕಳಿಗೆ ಬಿಡಿಸಿ ಹೇಳುತ್ತಾಳೆ, ಮೊಮ್ಮಕ್ಕಳು ಬೋರ್ಡಿನ ಇಂಗ್ಲಿಷ್ ಓದಿ ಅಜ್ಜಿಗೆ ಹೇಳುತ್ತಾರೆ.

ಈ ವರ್ಷ ದುಡ್ಡು ಹೊಂದಲೇ ಇಲ್ಲವೇ? ಸಾಲ ಮಾಡಿ ಹೊರಡಬೇಡಿ. ಹಿಂದೂಪುರದಿಂದ ಹದಿನೈದು ಕಿಲೋಮೀಟರ್ ದೂರದಲ್ಲಿ ಲೇಪಾಕ್ಷಿ ಇದೆ. ವಿಜಯನಗರ ಕಾಲದ ವೀರಭದ್ರ ದೇವಾಲಯ, ನೆಲಕ್ಕೆ ಪೂರ್ತಿ ತಾಗದ ಕಂಬ, ಚಾವಣಿಯ ಚಿತ್ರಗಳು, ಒಂದೇ ಕಲ್ಲಿನ ಬೃಹತ್ ನಂದಿ ಎಲ್ಲವನ್ನೂ ಒಂದು ದಿನದಲ್ಲಿ ನಿಧಾನವಾಗಿ ನೋಡಬಹುದು. ರಾಜ್ಯದೊಳಗಿನ ಪ್ರಯಾಣವಾದ್ದರಿಂದ ಸ್ತ್ರೀ ಶಕ್ತಿ ಅನ್ವಯಿಸುವ ಬಸ್ಸುಗಳಲ್ಲಿ ಅಜ್ಜಿ, ಅಮ್ಮ, ಮಗಳಿಗೆ ಟಿಕೆಟ್ ಖರ್ಚಿಲ್ಲ. ಬೆಂಗಳೂರು ಮುಂದಿನ ಬೆಳೆಗೆ ಇರಲಿ. ದರಗಳು, ಸಮಯಗಳು ಆಗಾಗ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಒಮ್ಮೆ ವಿಚಾರಿಸಿಕೊಳ್ಳುವುದನ್ನು ಮರೆಯಬೇಡಿ.